'ಓಟಿ ಸ್ಟೂಡೆಂಟ್' ಹಾಸಿಗೆ ಬಳಿ ಬರುವ ಮೊದಲು ಏನೇನು ಕಲಿತಿರಬೇಕು? ಆಕ್ಯುಪೇಶನಲ್ ಥೆರಪಿ ಪೋಸ್ಟಿಂಗ್ ಬಗ್ಗೆ ತಿಳಿಯಬೇಕಾದ ವಿಷಯಗಳು

ಮೆಡಿಕಲ್ ಕಾಲೇಜಿನ ಜೊತೆಗಿರುವ ದೊಡ್ಡ ಆಸ್ಪತ್ರೆಗಳಲ್ಲಿ ಬಿಳಿ ಏಪ್ರನ್ ತೊಟ್ಟ ಹುಡುಗ ಹುಡುಗಿಯರು ವಾರ್ಡಿನಿಂದ ವಾರ್ಡಿಗೆ ಓಡಾಡುವುದನ್ನು ನೀವು ನೋಡಿರುತ್ತೀರಿ. ಅವರಲ್ಲಿ ಒಬ್ಬರು ಬಂದು "ನಾವು ಓಟಿ ವಿಭಾಗದ ವಿದ್ಯಾರ್ಥಿಗಳು, ಅಜ್ಜಿಯನ್ನು ಸ್ವಲ್ಪ ನೋಡಬಹುದಾ?" ಎಂದು ಕೇಳಿದರೆ ಮನೆಯವರಿಗೆ ಎರಡು ಗಾಬರಿ ಒಟ್ಟಿಗೇ ಆಗುತ್ತದೆ. ಓಟಿ ಎಂದರೆ ಆಪರೇಶನ್ ಥಿಯೇಟರ್ ಅಲ್ಲವೇ, ಇನ್ನೊಂದು ಆಪರೇಶನ್ ಇದೆಯಾ ಎಂಬುದು ಮೊದಲನೆಯದು. ಕಲಿಯುವ ಮಕ್ಕಳು ನಮ್ಮವರ ಮೇಲೆ ಪ್ರಯೋಗ ಮಾಡಿಬಿಡುತ್ತಾರಾ ಎಂಬುದು ಎರಡನೆಯದು.

ಮೊದಲನೆಯ ಗಾಬರಿಗೆ ಉತ್ತರ ಸುಲಭ. ಎರಡನೆಯದಕ್ಕೆ ಉತ್ತರ ಬೇಕಾದರೆ, ಈ ವಿದ್ಯಾರ್ಥಿಗಳನ್ನು ರೋಗಿಯ ಬಳಿ ಕಳಿಸುವ ಮೊದಲು ಹೇಗೆ ತಯಾರು ಮಾಡಬೇಕು ಎಂಬುದು ಗೊತ್ತಿರಬೇಕು. ಅದು ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಿ, ಧೈರ್ಯವಾಗಿ ಹೂಂ ಅನ್ನಬಹುದು. ಬೇಡ ಅನ್ನುವುದಿದ್ದರೂ ಕಾರಣ ತಿಳಿದು ಅನ್ನಬಹುದು.

ಈ 'ಓಟಿ' ಯಾವುದು?

ಇಲ್ಲಿ ಓಟಿ ಎಂದರೆ ಆಕ್ಯುಪೇಶನಲ್ ಥೆರಪಿ. ಕನ್ನಡದಲ್ಲಿ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಬರೆಯುವುದುಂಟು. ಆ ಹೆಸರು ನೋಡಿ ಇದು ಉದ್ಯೋಗ ಕೊಡಿಸುವ ಇಲಾಖೆ ಎಂದು ತಿಳಿಯುವವರೂ ಇದ್ದಾರೆ. ಇಲ್ಲಿ 'ಆಕ್ಯುಪೇಶನ್' ಎಂದರೆ ದಿನವಿಡೀ ನಾವು ಮಾಡುವ ಎಲ್ಲ ಕೆಲಸ: ಹಲ್ಲುಜ್ಜುವುದು, ಸ್ನಾನ, ಸೀರೆ ಉಡುವುದು, ಊಟ, ಅಡುಗೆ, ಶಾಲೆಯಲ್ಲಿ ಬರೆಯುವುದು, ಆಟ, ಅಂಗಡಿ ನೋಡಿಕೊಳ್ಳುವುದು. ಕಾಯಿಲೆ, ಅಪಘಾತ, ಬೆಳವಣಿಗೆಯ ತೊಂದರೆ ಅಥವಾ ಮಾನಸಿಕ ಕಾಯಿಲೆಯಿಂದ ಇವುಗಳಲ್ಲಿ ಯಾವುದು ಕೈತಪ್ಪಿದೆಯೋ ಅದನ್ನು ಮತ್ತೆ ಮಾಡುವಂತೆ, ಇಲ್ಲವೇ ಬೇರೆ ರೀತಿಯಲ್ಲಿ ಮಾಡುವಂತೆ ತಯಾರು ಮಾಡುವುದೇ ಈ ಚಿಕಿತ್ಸೆ.

ಫಿಸಿಯೋಥೆರಪಿಗೂ ಇದಕ್ಕೂ ಏನು ವ್ಯತ್ಯಾಸ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಒರಟಾಗಿ ಹೇಳುವುದಾದರೆ, ಕೈಕಾಲಿನ ಚಲನೆ, ಶಕ್ತಿ, ನಡಿಗೆ, ನೋವು ಫಿಸಿಯೋಥೆರಪಿಯ ಮುಖ್ಯ ಗಮನ. ಆ ಕೈಯಿಂದ ತುತ್ತು ಎತ್ತಿ ಬಾಯಿಗೆ ತರುವುದು, ಗುಂಡಿ ಹಾಕುವುದು ಆಕ್ಯುಪೇಶನಲ್ ಥೆರಪಿಯ ಮುಖ್ಯ ಗಮನ. ಎರಡೂ ಒಂದಕ್ಕೊಂದು ಪೂರಕ, ನಡುವೆ ಒಂದಿಷ್ಟು ಭಾಗ ಎರಡಕ್ಕೂ ಸೇರುತ್ತದೆ.

ಭಾರತಕ್ಕೆ ಇದು ಹೊಸದಲ್ಲ. ಅಮೆರಿಕದಲ್ಲಿ ಹುಟ್ಟಿ ಭಾರತದಲ್ಲಿ ನೆಲೆಸಿದ ಕಮಲಾ ನಿಂಬಕರ್ ಅವರು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ಶುರು ಮಾಡಿದರು. 1952ರಲ್ಲಿ ಆಕ್ಯುಪೇಶನಲ್ ಥೆರಪಿಸ್ಟರ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಅದರ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದು. ಕರ್ನಾಟಕದಲ್ಲಿ ಮಣಿಪಾಲದಂತಹ ಕಡೆ ಇದರ ಪದವಿ ಕೋರ್ಸ್ ಇದೆ. 2021ರಲ್ಲಿ ಬಂದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯಲ್ಲಿ ಈ ವೃತ್ತಿಯೂ ಸೇರಿದೆ.

ಪೋಸ್ಟಿಂಗ್ ಯಾಕೆ ಬೇಕು?

ಈಜುವುದನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ರೋಗಿಯನ್ನು ನೋಡಿಕೊಳ್ಳುವುದೂ ಹಾಗೆಯೇ. ಆದ್ದರಿಂದ ಈ ಕೋರ್ಸ್‌ನ ದೊಡ್ಡ ಭಾಗ ಆಸ್ಪತ್ರೆ, ವಿಶೇಷ ಶಾಲೆ, ಮಾನಸಿಕ ಆರೋಗ್ಯ ಕೇಂದ್ರ, ಹಳ್ಳಿ ಮತ್ತು ಮನೆಗಳಲ್ಲಿ ನಡೆಯುತ್ತದೆ. ಇದನ್ನು ಕ್ಲಿನಿಕಲ್ ಫೀಲ್ಡ್‌ವರ್ಕ್ ಎನ್ನುತ್ತಾರೆ. ನಮ್ಮ ಕಡೆ ವಿದ್ಯಾರ್ಥಿಗಳ ಬಾಯಲ್ಲಿ ಇದು 'ಪೋಸ್ಟಿಂಗ್'.

ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದ ಪ್ರಕಾರ ಪ್ರತಿ ವಿದ್ಯಾರ್ಥಿಯೂ ಕನಿಷ್ಠ 1000 ಗಂಟೆ ಫೀಲ್ಡ್‌ವರ್ಕ್ ಮುಗಿಸಿರಬೇಕು. ದಿನಕ್ಕೆ 8 ಗಂಟೆ ಎಂದು ಲೆಕ್ಕ ಹಾಕಿದರೆ 125 ದಿನ, ವಾರಕ್ಕೆ ಆರು ದಿನದಂತೆ ಸುಮಾರು 21 ವಾರ. ಅಮೆರಿಕದಲ್ಲಿ ಥೆರಪಿಸ್ಟ್ ಆಗುವವರು ಕೊನೆಯ ಹಂತದಲ್ಲೇ ಕನಿಷ್ಠ 24 ವಾರ ಪೂರ್ಣಾವಧಿ ಕೆಲಸ ಮಾಡಬೇಕು. ಭಾರತದಲ್ಲಿ ಬಹಳ ವರ್ಷಗಳ ಕಾಲ ಪದವಿ ನಾಲ್ಕೂವರೆ ವರ್ಷದ್ದಾಗಿದ್ದು, ಅದರಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್ ಇರುತ್ತಿತ್ತು.

ಮೊದಲ ದಿನವೇ ಯಾರನ್ನೂ ರೋಗಿಯ ಮೇಲೆ ಕೈ ಇಡಲು ಬಿಡಬಾರದು. ಮೊದಲು ನೋಡುವುದು, ನಂತರ ಸೀನಿಯರ್ ಜೊತೆ ನಿಂತು ಸಹಾಯ ಮಾಡುವುದು, ಆಮೇಲೆ ಅವರ ಕಣ್ಣೆದುರಿಗೆ ತಾನೇ ಮಾಡುವುದು, ಕೊನೆಗೆ ಅವರು ಕೂಗಳತೆಯಲ್ಲಿ ಇರುವಾಗ ಮಾಡುವುದು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆ ಇನ್ನೊಂದು. ಮಾಡಿದ್ದರ ಹೊಣೆ ಎಲ್ಲ ಹಂತದಲ್ಲೂ ಅರ್ಹತೆ ಪಡೆದ ಮೇಲ್ವಿಚಾರಕರದ್ದೇ.

ತಯಾರಿ 1: ಕೆಲಸವನ್ನು ಬಿಡಿಸಿ ನೋಡುವುದು

ಥೆರಪಿ ವಿದ್ಯಾರ್ಥಿ ಮೊದಲು ಕಲಿಯುವುದು ಒಂದು ಸಾಮಾನ್ಯ ಕೆಲಸವನ್ನು ಹತ್ತಾರು ತುಂಡು ಮಾಡಿ ನೋಡುವುದನ್ನು. ಮುದ್ದೆ ಊಟವನ್ನೇ ತೆಗೆದುಕೊಳ್ಳಿ. ಬೆನ್ನು ನೆಟ್ಟಗೆ ಕೂರಬೇಕು. ತಟ್ಟೆ ಎಲ್ಲಿದೆ ಎಂದು ಕಣ್ಣು ಗುರುತಿಸಬೇಕು. ಮುದ್ದೆ ಎಷ್ಟು ಬಿಸಿ ಎಂದು ಬೆರಳಿಗೆ ತಿಳಿಯಬೇಕು. ಬೆರಳು ಮಡಚಿ ತುಂಡು ಮುರಿಯಬೇಕು, ಉಂಡೆ ಮಾಡಿ ಸಾರಿನಲ್ಲಿ ಅದ್ದಬೇಕು, ಮೊಣಕೈ ಮಡಚಿ ಬಾಯಿಗೆ ತರಬೇಕು, ಸರಿಯಾದ ಹೊತ್ತಿಗೆ ಬಾಯಿ ತೆರೆದು ಕೆಮ್ಮದೆ ನುಂಗಬೇಕು.

ಪಾರ್ಶ್ವವಾಯು ಆದವರಿಗೆ ಊಟ ಮಾಡಲು ಆಗುತ್ತಿಲ್ಲ ಎಂದರೆ ಈ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ ಎಂದು ಹುಡುಕಬೇಕು. ಕೈಗೆ ಶಕ್ತಿ ಇದ್ದರೂ ತಟ್ಟೆಯ ಎಡಭಾಗವನ್ನು ಮೆದುಳು ಗಮನಿಸದೇ ಇರಬಹುದು. ಆಗ ಅವರು ತಟ್ಟೆಯ ಅರ್ಧ ಮಾತ್ರ ಉಂಡು ಅರ್ಧ ಬಿಡುತ್ತಾರೆ. ಮನೆಯವರು ಅದನ್ನು ಹಠ ಎಂದೋ, ಊಟ ಸೇರುತ್ತಿಲ್ಲ ಎಂದೋ ತಿಳಿಯುತ್ತಾರೆ. ತಯಾರಾಗಿ ಬಂದ ವಿದ್ಯಾರ್ಥಿ ತಟ್ಟೆಯನ್ನು ನೋಡಿಯೇ ಇದನ್ನು ಗುರುತಿಸಬಲ್ಲ.

ಈ ಅಭ್ಯಾಸವನ್ನು ನಮ್ಮ ಮನೆಗಳಿಗೆ ತಕ್ಕಂತೆ ಮಾಡುವುದೂ ಮುಖ್ಯ. ಪಾಠಪುಸ್ತಕಗಳು ಹೆಚ್ಚಾಗಿ ಚಮಚ, ಫೋರ್ಕ್, ಕಮೋಡ್, ಟೇಬಲ್ ಬಗ್ಗೆ ಹೇಳುತ್ತವೆ. ನಮ್ಮವರಿಗೆ ಬೇಕಾಗುವುದು ನೆಲದ ಮೇಲೆ ಕೂತು ಏಳುವುದು, ಕುಕ್ಕರಗಾಲಿನ ಶೌಚಾಲಯ, ಚೊಂಬಿನಿಂದ ನೀರು ಹಾಕಿಕೊಳ್ಳುವುದು, ಪಂಚೆ ಉಡುವುದು.

ತಯಾರಿ 2: ಎತ್ತುವುದು, ಕೂರಿಸುವುದು

ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವಾಗ ಬೀಳುವ ಅಪಾಯ ಹೆಚ್ಚು. ಆದ್ದರಿಂದ ವಿದ್ಯಾರ್ಥಿಗಳು ಇದನ್ನು ಮೊದಲು ತಮ್ಮತಮ್ಮಲ್ಲೇ ಅಭ್ಯಾಸ ಮಾಡುತ್ತಾರೆ. ಒಬ್ಬ ರೋಗಿಯಾಗುತ್ತಾನೆ, ಇನ್ನೊಬ್ಬ ದಾಟಿಸುತ್ತಾನೆ. ರೋಗಿಯಾದವನಿಗೆ ತನ್ನನ್ನು ಎಳೆದಾಡಿದರೆ ಎಷ್ಟು ಭಯವಾಗುತ್ತದೆ ಎಂಬುದೂ ಆಗಲೇ ತಿಳಿಯುತ್ತದೆ.

ಕ್ರಮ ಹೀಗೆ: ಗಾಲಿಕುರ್ಚಿಯನ್ನು ರೋಗಿಯ ಗಟ್ಟಿ ಇರುವ ಬದಿಗೆ ಸ್ವಲ್ಪ ಓರೆಯಾಗಿ ಇಡಬೇಕು. ಎರಡೂ ಬ್ರೇಕ್ ಹಾಕಬೇಕು. ಕಾಲಿಡುವ ಹಲಗೆಗಳನ್ನು ಮಡಚಬೇಕು. ಮೂತ್ರದ ಕೊಳವೆ, ಡ್ರಿಪ್ ಸಿಕ್ಕಿಹಾಕಿಕೊಂಡಿಲ್ಲ ಎಂದು ನೋಡಬೇಕು. ಏನು ಮಾಡಲಿದ್ದೇವೆ ಎಂದು ರೋಗಿಗೆ ಹೇಳಬೇಕು. ಬೆನ್ನು ಬಗ್ಗಿಸದೆ ಮಂಡಿ ಬಗ್ಗಿಸಿ, ಸೊಂಟದ ಬೆಲ್ಟ್ ಹಿಡಿದು ದಾಟಿಸಬೇಕು. ಒಬ್ಬರಿಂದ ಆಗದು ಎನಿಸಿದರೆ ಇನ್ನೊಬ್ಬರನ್ನು ಕರೆಯಬೇಕು.

ಇಲ್ಲಿ ಮನೆಯವರೂ ಕಲಿಯಬೇಕಾದ ಒಂದು ಮಾತಿದೆ. ಪಾರ್ಶ್ವವಾಯು ಆದವರ ಬಿದ್ದುಹೋದ ಕೈಯನ್ನು ಹಿಡಿದು ಎಳೆದು ಎಬ್ಬಿಸಬೇಡಿ, ಕಂಕುಳಲ್ಲಿ ಕೈಹಾಕಿ ಎತ್ತಬೇಡಿ. ಸ್ನಾಯುಗಳು ಸಡಿಲವಾಗಿರುವಾಗ ಭುಜದ ಕೀಲು ಅರ್ಧ ಜಾರಿ ನೋವು ತಿಂಗಳುಗಟ್ಟಲೆ ಉಳಿಯಬಹುದು.

ತಯಾರಿ 3: ಯಾವಾಗ ನಿಲ್ಲಿಸಬೇಕು?

ಪೋಸ್ಟಿಂಗ್‌ಗೆ ಮೊದಲು ಕಲಿಯುವ ಎಲ್ಲದರಲ್ಲೂ ಇದು ಮುಖ್ಯವಾದದ್ದು ಎಂದು ನಮ್ಮ ಅನಿಸಿಕೆ. ಚಿಕಿತ್ಸೆ ಕೊಡಲು ಬರದಿದ್ದರೆ ರೋಗಿಗೆ ಒಂದು ದಿನ ವ್ಯರ್ಥ. ಅಪಾಯ ಗುರುತಿಸಲು ಬರದಿದ್ದರೆ ಜೀವಕ್ಕೇ ಕುತ್ತು. ವಿದ್ಯಾರ್ಥಿಗೆ ಕಂಠಪಾಠ ಇರಬೇಕಾದ ಕೆಲವು ಸನ್ನಿವೇಶಗಳು ಇಲ್ಲಿವೆ:

• ಬಹಳ ದಿನ ಮಲಗಿದ್ದವರನ್ನು ಎಬ್ಬಿಸಿದಾಗ ತಲೆಸುತ್ತು, ಕಣ್ಣು ಕತ್ತಲೆ: ರಕ್ತದೊತ್ತಡ ಇಳಿದಿರಬಹುದು. ನಿಂತ ಮೂರು ನಿಮಿಷದೊಳಗೆ ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ಗಮನಾರ್ಹ ಇಳಿಕೆ ಎನ್ನುತ್ತಾರೆ. ತಕ್ಷಣ ಕೂರಿಸಿ ಅಥವಾ ಮಲಗಿಸಿ, ಕರೆಯಬೇಕು.

• ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ: ರಕ್ತನಾಳದಲ್ಲಿ ಹೆಪ್ಪು ಕಟ್ಟಿರಬಹುದು. ಉಜ್ಜುವಂತಿಲ್ಲ, ವ್ಯಾಯಾಮ ಮಾಡಿಸುವಂತಿಲ್ಲ. ಮೊದಲು ವೈದ್ಯರಿಗೆ ಹೇಳಬೇಕು. "ಊತಕ್ಕೆ ಎಣ್ಣೆ ಹಚ್ಚಿ ನೀವಿ" ಎಂಬ ಸಲಹೆ ಇಲ್ಲಿ ಅಪಾಯಕಾರಿ.

• ಬೆನ್ನುಹುರಿಗೆ ಎದೆಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ಮುಖ ಕೆಂಪಾಗಿ ಬೆವರು: ರಕ್ತದೊತ್ತಡ ವಿಪರೀತ ಏರುತ್ತಿರಬಹುದು. ನೆಟ್ಟಗೆ ಕೂರಿಸಿ, ಮೂತ್ರದ ಕೊಳವೆ ಮಡಚಿಕೊಂಡಿದೆಯೇ, ಬಟ್ಟೆ ಬಿಗಿಯಾಗಿದೆಯೇ ನೋಡುತ್ತಲೇ ಸಹಾಯ ಕೂಗಬೇಕು.

• ಪಾರ್ಶ್ವವಾಯು ಆದ ಹೊಸತರಲ್ಲಿ ರೋಗಿ ನೀರು ಕೇಳಿದರೆ: ನುಂಗುವ ಪರೀಕ್ಷೆ ಆಗಿದೆಯೇ ಎಂದು ಮೊದಲು ನರ್ಸ್ ಹತ್ತಿರ ಕೇಳಬೇಕು. ನುಂಗಲು ಬರದವರಿಗೆ ಕೊಟ್ಟ ನೀರು ಶ್ವಾಸಕೋಶ ಸೇರಬಹುದು.

• ಸೊಂಟದ ಕೀಲು ಬದಲಿಸಿಕೊಂಡವರಿಗೆ ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ನಿಷಿದ್ಧವಾಗಿರಬಹುದು. ಸರ್ಜನ್ ಬರೆದ ಸೂಚನೆ ಓದದೆ ಏನನ್ನೂ ಮಾಡಿಸುವಂತಿಲ್ಲ.

ಒಳ್ಳೆಯ ತಯಾರಿ ಪಡೆದ ವಿದ್ಯಾರ್ಥಿಯ ಗುರುತು ಇಲ್ಲೇ ಇದೆ. "ನನಗೆ ಗೊತ್ತಿಲ್ಲ, ಕೇಳಿ ಬರುತ್ತೇನೆ" ಎಂದು ಅವನು ಹಿಂಜರಿಯದೆ ಹೇಳುತ್ತಾನೆ. ಗೊತ್ತಿಲ್ಲದಿದ್ದರೂ ಗೊತ್ತಿರುವಂತೆ ನಟಿಸುವವನೇ ಅಪಾಯ. ಆದ್ದರಿಂದ ವಿದ್ಯಾರ್ಥಿ "ಕೇಳಿ ಬರುತ್ತೇನೆ" ಎಂದಾಗ "ಇವನಿಗೇನೂ ಬರಲ್ಲ" ಎಂದು ಮೂಗು ಮುರಿಯಬೇಡಿ. ಅವನು ಕಲಿತದ್ದನ್ನು ಸರಿಯಾಗಿಯೇ ಮಾಡುತ್ತಿದ್ದಾನೆ.

ತಯಾರಿ 4: ಕೈ ತೊಳೆಯುವುದು, ಲಸಿಕೆ

ಕೈ ಶುಚಿಗೊಳಿಸಲು ವಿಶ್ವ ಆರೋಗ್ಯ ಸಂಸ್ಥೆ ಐದು ಸಂದರ್ಭಗಳನ್ನು ಹೇಳಿದೆ: ರೋಗಿಯನ್ನು ಮುಟ್ಟುವ ಮೊದಲು, ಶುಚಿಯಾಗಿ ಮಾಡಬೇಕಾದ ಕೆಲಸದ ಮೊದಲು, ರಕ್ತ ಮುಂತಾದ ದೇಹದ್ರವ ತಾಗುವ ಸಂಭವ ಇದ್ದಾಗ ಆಮೇಲೆ, ರೋಗಿಯನ್ನು ಮುಟ್ಟಿದ ನಂತರ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ನಂತರ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡ್, ಸೋಪು ನೀರು ಆದರೆ ಒಟ್ಟು 40ರಿಂದ 60 ಸೆಕೆಂಡ್.

ವಿದ್ಯಾರ್ಥಿಗಳು ಪೋಸ್ಟಿಂಗ್‌ಗೆ ಮೊದಲು ಹೆಪಟೈಟಿಸ್ ಬಿ ಲಸಿಕೆ ಮುಗಿಸಿರುವುದು ಒಳ್ಳೆಯದು. ಸಾಮಾನ್ಯವಾಗಿ ಇದು ಮೂರು ಡೋಸ್: ಮೊದಲನೆಯದು, ಒಂದು ತಿಂಗಳ ನಂತರ ಇನ್ನೊಂದು, ಆರನೆಯ ತಿಂಗಳಿಗೆ ಮೂರನೆಯದು. ಪೋಸ್ಟಿಂಗ್ ಹಿಂದಿನ ವಾರ ನೆನಪಾದರೆ ಪ್ರಯೋಜನವಿಲ್ಲ, ಅರ್ಧ ವರ್ಷ ಮೊದಲೇ ಶುರು ಮಾಡಬೇಕು.

ತಯಾರಿ 5: ಮಾತು

ಕರ್ನಾಟಕದ ಕಾಲೇಜುಗಳಲ್ಲಿ ಕೇರಳ, ಮಹಾರಾಷ್ಟ್ರ, ಉತ್ತರ ಭಾರತದಿಂದ ಬಂದ ವಿದ್ಯಾರ್ಥಿಗಳೂ ಇರುತ್ತಾರೆ. "ಕೈ ಎತ್ತಿ", "ನೋವಿದೆಯಾ" ಎನ್ನುವಷ್ಟು ಕನ್ನಡ ಬೇಗ ಬರುತ್ತದೆ. ಆದರೆ ರೋಗಿ "ಕೈ ಜುಮುಜುಮು ಅಂತದೆ", "ಮರಗಟ್ಟಿದೆ", "ಸೆಳೀತದೆ", "ಉರೀತದೆ" ಎಂದರೆ ನಾಲ್ಕೂ ಬೇರೆ ಬೇರೆ ತೊಂದರೆ. ನಾಲ್ಕನ್ನೂ 'ನೋವು' ಎಂದು ಬರೆದುಕೊಂಡರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ. ಪೋಸ್ಟಿಂಗ್‌ಗೆ ಮೊದಲು ಇಂತಹ ಐವತ್ತು ಅರವತ್ತು ಪದಗಳ ಪಟ್ಟಿ ಮಾಡಿಕೊಂಡು, ಕನ್ನಡ ಬಲ್ಲ ಗೆಳೆಯರ ಜೊತೆ ಅಭ್ಯಾಸ ಮಾಡುವುದು ದುಬಾರಿ ಸಿಮ್ಯುಲೇಟರಿಗಿಂತ ಹೆಚ್ಚು ಉಪಯೋಗಕ್ಕೆ ಬರಬಹುದು.

ಮಾತಿನಲ್ಲಿ ಇನ್ನೊಂದು ಭಾಗ ಒಪ್ಪಿಗೆ ಕೇಳುವುದು. "ನಾನು ವಿದ್ಯಾರ್ಥಿ, ನನ್ನ ಹೆಸರು ಇದು, ನನ್ನ ಮೇಲ್ವಿಚಾರಕರು ಇವರು, ನಾನು ಹೀಗೆ ಮಾಡಲಿದ್ದೇನೆ, ನಿಮಗೆ ಒಪ್ಪಿಗೆಯಾ?" ಇಷ್ಟನ್ನು ಹೇಳದೆ ಮುಟ್ಟುವಂತಿಲ್ಲ. ರೋಗಿಗೆ ಪ್ರಜ್ಞೆ ಇದ್ದರೆ ಮಗನನ್ನೋ ಸೊಸೆಯನ್ನೋ ಕೇಳಿದರೆ ಸಾಲದು, ರೋಗಿಯನ್ನೇ ಕೇಳಬೇಕು.

ತಯಾರಿ 6: ಅಳೆಯುವುದು, ಬರೆಯುವುದು

"ಈಗ ಪರವಾಗಿಲ್ಲ" ಎಂಬುದು ಅಳತೆಯಲ್ಲ. 1965ರಲ್ಲಿ ಪ್ರಕಟವಾದ ಬಾರ್ಥೆಲ್ ಸೂಚ್ಯಂಕದಂತಹ ಅಳತೆಗಳನ್ನು ವಿದ್ಯಾರ್ಥಿಗಳು ಕಲಿಯುತ್ತಾರೆ. ಊಟ, ಸ್ನಾನ, ಬಟ್ಟೆ, ಶೌಚ, ಮೆಟ್ಟಿಲು ಹತ್ತುವುದು ಸೇರಿ ಹತ್ತು ಕೆಲಸಗಳಿಗೆ ಅಂಕ ಕೊಟ್ಟು ಒಟ್ಟು 100ಕ್ಕೆ ಲೆಕ್ಕ ಹಾಕುತ್ತಾರೆ. ಬಂದ ದಿನ 35 ಇದ್ದದ್ದು ತಿಂಗಳ ನಂತರ 60 ಆದರೆ ಬದಲಾವಣೆ ಎಲ್ಲರಿಗೂ ಕಾಣುತ್ತದೆ. ಬರೆದಿಡದ ಅಳತೆ ನಾಳೆ ಬರುವ ಇನ್ನೊಬ್ಬ ಥೆರಪಿಸ್ಟ್‌ಗೆ ಸಿಗುವುದಿಲ್ಲ. ಆದ್ದರಿಂದ ಅಂದಿನ ಟಿಪ್ಪಣಿ ಅಂದೇ ಬರೆಯುವುದನ್ನು ರೂಢಿ ಮಾಡಿಸಬೇಕು.

ತಯಾರಿ 7: ನಟ ರೋಗಿ

1963ರಲ್ಲಿ ಅಮೆರಿಕದ ನರವೈದ್ಯ ಹೋವರ್ಡ್ ಬ್ಯಾರೋಸ್ ಒಂದು ಹೊಸ ದಾರಿ ಶುರು ಮಾಡಿದರು. ಆರೋಗ್ಯವಂತ ವ್ಯಕ್ತಿಗೆ ರೋಗಿಯಂತೆ ನಟಿಸಲು ತರಬೇತಿ ಕೊಟ್ಟು, ವಿದ್ಯಾರ್ಥಿಗಳು ಅವರನ್ನು ಪರೀಕ್ಷಿಸುವಂತೆ ಮಾಡಿದರು. ಇಂದು ಆಕ್ಯುಪೇಶನಲ್ ಥೆರಪಿಯಲ್ಲೂ ಇದು ಬಳಕೆಯಲ್ಲಿದೆ. ಇಲ್ಲಿ ತಪ್ಪಾದರೆ ಯಾರಿಗೂ ನೋವಾಗುವುದಿಲ್ಲ, ನಿಲ್ಲಿಸಿ ಮತ್ತೆ ಮಾಡಬಹುದು.

ಇದರಿಂದ ನಿಜಕ್ಕೂ ಕಲಿಯುತ್ತಾರಾ? ಆಸ್ಟ್ರೇಲಿಯಾದ ಆರು ವಿಶ್ವವಿದ್ಯಾಲಯಗಳ ಓಟಿ ವಿದ್ಯಾರ್ಥಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 40 ಗಂಟೆಯ ಇಂತಹ ಅಣಕು ಪೋಸ್ಟಿಂಗ್ ಮಾಡಿದವರು 40 ಗಂಟೆಯ ಸಾಮಾನ್ಯ ಪೋಸ್ಟಿಂಗ್ ಮಾಡಿದವರಿಗಿಂತ ಹಿಂದೆ ಬೀಳಲಿಲ್ಲ. ಹಾಗೆಂದು ಎಲ್ಲ ಪೋಸ್ಟಿಂಗ್ ಬಿಟ್ಟು ನಟನೆಯಲ್ಲೇ ಕಲಿಯಬಹುದು ಎಂದು ಅರ್ಥವಲ್ಲ. ಅಲ್ಲಿ ಬದಲಿಸಿದ್ದು ಒಂದು ಸಣ್ಣ ಭಾಗವನ್ನು ಮಾತ್ರ.

ಜಾಗ ಬದಲಾದರೆ ತಯಾರಿಯೂ ಬದಲಾಗಬೇಕು

ಮಕ್ಕಳ ವಿಭಾಗ: ಆಟಿಕೆಗಳನ್ನು ಪ್ರತಿ ಮಗುವಿನ ನಂತರ ಒರೆಸಬೇಕು. ಮಗು ಅಳುತ್ತಿದ್ದರೆ ಬಲವಂತ ಮಾಡದೆ ಆಟದ ಮೂಲಕ ಹತ್ತಿರವಾಗಬೇಕು. ತಾಯಿ ತಂದೆಗೆ "ಯಾವಾಗ ಸರಿಹೋಗುತ್ತದೆ" ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ ವಿದ್ಯಾರ್ಥಿ ತಾನೇ ಭರವಸೆ ಕೊಡುವಂತಿಲ್ಲ, ಮೇಲ್ವಿಚಾರಕರ ಬಳಿ ಕರೆದೊಯ್ಯಬೇಕು.

ಮಾನಸಿಕ ಆರೋಗ್ಯ ವಿಭಾಗ: ಚಟುವಟಿಕೆ ಕೋಣೆಯ ಕತ್ತರಿ, ಸೂಜಿ, ಚಾಕುಗಳನ್ನು ಶುರುವಿನಲ್ಲೂ ಕೊನೆಯಲ್ಲೂ ಎಣಿಸಬೇಕು. ತನ್ನ ಸ್ವಂತ ಫೋನ್ ನಂಬರ್ ಕೊಡಬಾರದು. ರೋಗಿ "ಯಾರಿಗೂ ಹೇಳಬೇಡಿ" ಎಂದು ಜೀವ ಕಳೆದುಕೊಳ್ಳುವ ಮಾತಾಡಿದರೆ ಗುಟ್ಟಾಗಿಡುವ ಮಾತು ಕೊಡದೆ, ಅವರನ್ನು ಒಂಟಿಯಾಗಿ ಬಿಡದೆ, ಕೂಡಲೇ ಮೇಲ್ವಿಚಾರಕರಿಗೆ ತಿಳಿಸಬೇಕು.

ಕೈಗೆ ಪೆಟ್ಟಾದವರ ವಿಭಾಗ: ಕೈಗೆ ಆಧಾರ ಕೊಡುವ ಸ್ಪ್ಲಿಂಟ್ ಅನ್ನು ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯಿಂದ ಮಾಡುತ್ತಾರೆ. ಹಾಳೆಯ ಬಿಸಿಯನ್ನು ವಿದ್ಯಾರ್ಥಿ ಮೊದಲು ತನ್ನ ಚರ್ಮದ ಮೇಲೆ ನೋಡಿಕೊಳ್ಳಬೇಕು. ಸ್ಪರ್ಶ ಕಳೆದುಕೊಂಡ ರೋಗಿಗೆ ಸುಟ್ಟರೂ ತಿಳಿಯುವುದಿಲ್ಲ.

ಮನೆ ಭೇಟಿ: ಅಳತೆ ಟೇಪ್ ಜೊತೆಗಿರಬೇಕು. ಬಾಗಿಲು ಎಷ್ಟು ಅಗಲ, ಹೊಸ್ತಿಲು ಎಷ್ಟು ಎತ್ತರ, ಬಚ್ಚಲು ಎಷ್ಟು ದೂರ ಎಂದು ಬರೆದುಕೊಳ್ಳಬೇಕು. ಗಾಲಿಕುರ್ಚಿಯ ಇಳಿಜಾರಿಗೆ ಸಾಮಾನ್ಯ ಲೆಕ್ಕ 1ಕ್ಕೆ 12. ಅಂದರೆ ಬಾಗಿಲಲ್ಲಿ 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿದ್ದರೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು. ಒಂದು ಹಲಗೆ ಒರಗಿಸಿದರೆ ಕೆಲಸ ಮುಗಿಯಿತು ಎನ್ನುವವರು ಈ ಲೆಕ್ಕ ನೋಡಬೇಕು.

ತಪ್ಪು ನಂಬಿಕೆ ಮತ್ತು ನಿಜ

ನಂಬಿಕೆ: ವಿದ್ಯಾರ್ಥಿ ಬಂದರೆ ನಮ್ಮವರ ಮೇಲೆ ಪ್ರಯೋಗ ಮಾಡುತ್ತಾರೆ.
ನಿಜ: ಪ್ರಯೋಗ, ಅಂದರೆ ಸಂಶೋಧನೆ, ಬೇರೆಯೇ ವಿಷಯ. ಅದಕ್ಕೆ ನೈತಿಕ ಸಮಿತಿಯ ಅನುಮತಿ, ರೋಗಿಯ ಒಪ್ಪಿಗೆ ಎರಡೂ ಬೇಕು. ಪೋಸ್ಟಿಂಗ್‌ನಲ್ಲಿ ವಿದ್ಯಾರ್ಥಿ ಮಾಡುವುದು ಈಗಾಗಲೇ ಬಳಕೆಯಲ್ಲಿರುವ ಚಿಕಿತ್ಸೆಯನ್ನು, ಅದೂ ಮೇಲ್ವಿಚಾರಣೆಯಲ್ಲಿ.

ನಂಬಿಕೆ: ವಿದ್ಯಾರ್ಥಿ ಬೇಡ ಎಂದರೆ ಆಸ್ಪತ್ರೆಯವರು ಚಿಕಿತ್ಸೆ ನಿಲ್ಲಿಸುತ್ತಾರೆ.
ನಿಜ: ಬೇಡ ಎನ್ನುವುದು ರೋಗಿಯ ಹಕ್ಕು. ಅದಕ್ಕಾಗಿ ಚಿಕಿತ್ಸೆ ಕಡಿಮೆ ಮಾಡುವಂತಿಲ್ಲ. ಮೇಲ್ವಿಚಾರಕರೇ ಮಾಡಲಿ ಎಂದು ಕೇಳಬಹುದು.

ನಂಬಿಕೆ: ಪಾರ್ಶ್ವವಾಯು ಆದ ಕೈಗೆ ಸ್ಮೈಲಿ ಬಾಲ್ ಕೊಟ್ಟು ಹಿಂಡಿಸಿದರೆ ಸಾಕು, ಥೆರಪಿ ಬೇಕಿಲ್ಲ.
ನಿಜ: ಇದು ಎಲ್ಲರಿಗೂ ಹೊಂದುವುದಿಲ್ಲ. ಕೈ ಬಿಗಿದು ಮುಷ್ಟಿಯಾಗಿರುವ ಅನೇಕರಿಗೆ ಕಷ್ಟವಿರುವುದು ಬೆರಳು ತೆರೆಯುವುದರಲ್ಲಿ. ಚೆಂಡು ಹಿಂಡಿದರೆ ಮುಚ್ಚುವ ಅಭ್ಯಾಸವೇ ಆಗುತ್ತದೆ. ಯಾವ ವ್ಯಾಯಾಮ ಬೇಕು ಎಂದು ಕೈ ನೋಡಿದವರು ಹೇಳಬೇಕು.

ನಂಬಿಕೆ: ಇವರು ಆಟ ಆಡಿಸುತ್ತಾರೆ, ಮಣಿ ಪೋಣಿಸುತ್ತಾರೆ. ಇದೆಂಥಾ ಚಿಕಿತ್ಸೆ?
ನಿಜ: ಮಣಿ ಪೋಣಿಸಲು ಎರಡು ಬೆರಳಿನ ಹಿಡಿತ, ಕಣ್ಣು ಕೈಗಳ ಹೊಂದಾಣಿಕೆ, ಏಕಾಗ್ರತೆ, ಕೂರುವ ಶಕ್ತಿ ಎಲ್ಲವೂ ಬೇಕು. ಗುಂಡಿ ಹಾಕಲೂ, ಪೆನ್ಸಿಲ್ ಹಿಡಿಯಲೂ ಬೇಕಾಗುವುದು ಇವೇ. ಈ ಆಟ ಯಾಕೆ ಎಂದು ಕೇಳಿ. ವಿದ್ಯಾರ್ಥಿಗೆ ಉತ್ತರ ಗೊತ್ತಿರಬೇಕು.

ನೀವು ಕೇಳಬಹುದಾದ ಐದು ಪ್ರಶ್ನೆ

1. ನೀವು ಯಾವ ವರ್ಷದ ವಿದ್ಯಾರ್ಥಿ?
2. ನಿಮ್ಮ ಮೇಲ್ವಿಚಾರಕರು ಯಾರು, ಈಗ ಎಲ್ಲಿದ್ದಾರೆ?
3. ಈಗ ಏನು ಮಾಡಲಿದ್ದೀರಿ, ಯಾಕೆ?
4. ನಮ್ಮವರ ಕೇಸ್ ಶೀಟ್ ಓದಿದ್ದೀರಾ? ಏನು ಮಾಡಬಾರದು ಎಂದು ಬರೆದಿದ್ದಾರೆ?
5. ಮನೆಯಲ್ಲಿ ನಾವು ಏನು ಮಾಡಿಸಬೇಕು?

ಇವುಗಳಲ್ಲಿ ನಾಲ್ಕನೆಯದಕ್ಕೆ ಉತ್ತರ ಬಾರದಿದ್ದರೆ, ಓದಿ ಬಂದು ಮಾಡಿ ಎಂದು ಸೌಜನ್ಯದಿಂದಲೇ ಹೇಳಿ. ಅದರಿಂದ ವಿದ್ಯಾರ್ಥಿಗೂ ಒಳ್ಳೆಯದೇ.

ನಿಮ್ಮ ಮನೆಯಲ್ಲೇ ಓಟಿ ವಿದ್ಯಾರ್ಥಿ ಇದ್ದರೆ

ಮೊದಲ ಪೋಸ್ಟಿಂಗ್ ಹಿಂದಿನ ರಾತ್ರಿ ನಿದ್ದೆ ಬಾರದಿರುವುದು ಸಹಜ. ಆ ವಾರ ಇಷ್ಟು ಮಾಡಿಕೊಳ್ಳಲಿ: ಹೋಗುವ ವಿಭಾಗದಲ್ಲಿ ಹೆಚ್ಚಾಗಿ ಕಾಣುವ ನಾಲ್ಕೈದು ಕಾಯಿಲೆಗಳನ್ನು ಓದುವುದು, ಅವುಗಳಲ್ಲಿ 'ಮಾಡಬಾರದ್ದು' ಏನು ಎಂದು ಒಂದು ಚೀಟಿಯಲ್ಲಿ ಬರೆದು ಜೇಬಲ್ಲಿಡುವುದು, ಲಸಿಕೆ ಕಾರ್ಡ್ ಮತ್ತು ಗುರುತಿನ ಚೀಟಿ ತೆಗೆದಿಡುವುದು, ಉಗುರು ಕತ್ತರಿಸಿ ಉಂಗುರ ಬಳೆ ತೆಗೆಯುವುದು, ಬಗ್ಗಲು ಏಳಲು ಅನುಕೂಲವಾದ ಬಟ್ಟೆ ಮತ್ತು ಜಾರದ ಶೂ ಹಾಕುವುದು. ಮೇಲ್ವಿಚಾರಕರು ತಿದ್ದಿದಾಗ ಅದನ್ನು ಅವಮಾನ ಎಂದುಕೊಳ್ಳದೆ, ಅಂದೇ ಸಂಜೆ "ಏನು ಸರಿಹೋಯಿತು, ಏನು ಬದಲಿಸಬೇಕು" ಎಂದು ಎರಡು ಸಾಲು ಬರೆದುಕೊಳ್ಳಲಿ. ಕೆಲವು ದಿನ ರೋಗಿಯ ಸಾವು, ಮನೆಯವರ ಅಳು ನೋಡಿ ಮನಸ್ಸು ಭಾರವಾಗುತ್ತದೆ. ಆಗ ಹೇಳಿಕೊಳ್ಳಲು ಮನೆಯಲ್ಲಿ ಒಂದು ಕಿವಿ ಇರಲಿ. ಆದರೆ ರೋಗಿಯ ಹೆಸರು, ಊರು ಕೇಳಬೇಡಿ. ಅದನ್ನು ಹೇಳದಿರುವುದೂ ಅವರ ಪಾಠದ ಭಾಗವೇ.

ಫೋಟೋ ತೆಗೆಯುವ ಮೊದಲು

ರೋಗಿಯ ಫೋಟೋ, ವಿಡಿಯೋ, ಎಕ್ಸ್‌ರೇ ಯಾವುದನ್ನೂ ತಮ್ಮ ಫೋನಿನಲ್ಲಿ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕುವಂತಿಲ್ಲ ಎಂದು ವಿದ್ಯಾರ್ಥಿಗಳಿಗೆ ಕಲಿಸಬೇಕು. ಮಾನಸಿಕ ಕಾಯಿಲೆ ಇರುವವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಗೋಪ್ಯತೆಯ ಹಕ್ಕು ಕೊಟ್ಟಿದೆ. ಮನೆಯವರೂ ಇದೇ ನಿಯಮ ಪಾಲಿಸಿದರೆ ಚೆನ್ನ. ಅಜ್ಜ ಮೊದಲ ಹೆಜ್ಜೆ ಇಟ್ಟ ವಿಡಿಯೋ ಕುಟುಂಬದ ಗ್ರೂಪಿಗೆ ಹಾಕುವ ಮೊದಲು ಅಜ್ಜನನ್ನೇ ಕೇಳಿ. ಹಿಂದೆ ಪಕ್ಕದ ಹಾಸಿಗೆಯವರು ಕಾಣುತ್ತಿದ್ದರೆ ಹಾಕಲೇಬೇಡಿ.

ಇಂದು ನಿಮ್ಮವರಿಗೆ ಗುಂಡಿ ಹಾಕಲು ಕಲಿಸುವ ಥೆರಪಿಸ್ಟ್ ಕೂಡ ಹಿಂದೊಮ್ಮೆ ಯಾರದೋ ಅಜ್ಜಿಯ ಮುಂದೆ ನಡುಗುವ ಕೈಯಲ್ಲಿ ನಿಂತಿದ್ದವರೇ. ಆ ಅಜ್ಜಿ ಒಪ್ಪಿದ್ದರಿಂದ, ಮೇಲ್ವಿಚಾರಕರು ಪಕ್ಕದಲ್ಲಿ ಇದ್ದದ್ದರಿಂದ ಅವರು ಕಲಿತರು. "ಸ್ಟೂಡೆಂಟ್‌ಗಳನ್ನು ಹತ್ತಿರ ಬಿಡಬೇಡಿ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದೆ ತಳ್ಳುವ ಬದಲು ಮೇಲಿನ ಐದು ಪ್ರಶ್ನೆಗಳನ್ನು ಕಳಿಸಿ. ಆಸ್ಪತ್ರೆಯಲ್ಲಿರುವ ಯಾರಿಗಾದರೂ ಅವು ಇಂದೇ ಬೇಕಾಗಿರಬಹುದು.